ನಾವು ಯಾರು ಅಂತ ಮನೆಯಲ್ಲಿ ಹೇಳಿದ್ದು: ಪದೇ ಪದೇ ಕೇಳುವ ಪ್ರಶ್ನೆಗಳು

ಗೋತ್ರ, ಬೆಡಗು, ಮನೆದೇವರು, ಜಾತಕ, ಜಾತಿ. ಬುದ್ಧಿ ಬರುವ ಮೊದಲೇ ‘ನೀನು ಇಂಥವನು’, ‘ನೀನು ಇಂಥವಳು’ ಎಂದು ತೀರ್ಮಾನವಾಗಿಬಿಟ್ಟಿರುತ್ತದೆ. ಮನೆತನಗಳ ಇತಿಹಾಸದ ಹಿಂದೆ ಬಿದ್ದಿರುವ ನನ್ನನ್ನು ಮದುವೆ ಮನೆಯ ಊಟದ ಸಾಲಿನಲ್ಲಿ, ಕಾಗದಗಳಲ್ಲಿ, ಭಾಷಣ ಮುಗಿದ ಮೇಲಿನ ಕಾಫಿಯ ಹೊತ್ತಿನಲ್ಲಿ ಜನ ಕೇಳುವ ಪ್ರಶ್ನೆಗಳು ಇಲ್ಲಿವೆ. ಕೇಳಿದವರ ಮಾತನ್ನು ತಿದ್ದಿಲ್ಲ. ನಿಮಗೆ ಬೇಕಾದ್ದನ್ನಷ್ಟೇ ಓದಿಕೊಂಡರೂ ಆಯಿತು.

## ಶುರುವಿಗೆ

ಹಿರಿಯರು ಹೇಳಿದ್ದನ್ನ ಪ್ರಶ್ನೆ ಮಾಡಿದ್ರೆ ಅವರಿಗೆ ಅವಮಾನ ಅಲ್ವಾ?

ಕೇಳುವ ರೀತಿಯಲ್ಲಿದೆ. ‘ಇದೆಲ್ಲ ಸುಳ್ಳು’ ಅಂದರೆ ಜಗಳವಾಗುತ್ತದೆ. ‘ಇದನ್ನ ನಿಮಗೆ ಯಾರು ಹೇಳಿದ್ರು?’ ಅಂದರೆ ಅಜ್ಜ ಗೋಡೆಗೆ ಒರಗಿ ಕೂತು ಮಾತು ಶುರುಮಾಡುತ್ತಾರೆ. ಆ ಪ್ರಶ್ನೆಯನ್ನು ಅವರಿಗೆ ಅಲ್ಲಿಯವರೆಗೆ ಯಾರೂ ಕೇಳಿರುವುದಿಲ್ಲ. ನಾನು ಕಂಡ ಹಾಗೆ ಸಿಟ್ಟು ಬರುವುದು ಎಂಬತ್ತರ ಅಜ್ಜಿಗಲ್ಲ, ಐವತ್ತೈದರ ಚಿಕ್ಕಪ್ಪನಿಗೆ. ಅವರಿಗೆ ಮಗಳ ಮದುವೆ ಮಾಡಬೇಕಿರುತ್ತದೆ, ಜೊತೆಗೆ ಸಮಾಜದ ಸಂಘದಲ್ಲಿ ಖಜಾಂಚಿ ಹುದ್ದೆಯೂ ಇರುತ್ತದೆ.

ಅಜ್ಜಿಗೆ ವಯಸ್ಸಾಗಿದೆ. ಮೊದಲು ಏನು ಕೇಳಲಿ?

ಹೆಂಗಸರ ಹೆಸರು ಕೇಳಿ. ಅಜ್ಜಿಯ ತವರು ಯಾವುದು, ಅವರ ತಾಯಿಯ ತವರು ಯಾವುದು, ಅವರು ಯಾವ ಊರಿನಿಂದ ಯಾವ ಊರಿಗೆ ಸೊಸೆಯಾಗಿ ಬಂದರು. ಗಂಡಸರ ಹೆಸರುಗಳು ಪಹಣಿಯಲ್ಲೋ, ಶಾಲೆಯ ದಾಖಲಾತಿ ವಹಿಯಲ್ಲೋ, ಕ್ರಯಪತ್ರದಲ್ಲೋ ಎಲ್ಲಾದರೂ ಸಿಕ್ಕೇ ಸಿಗುತ್ತವೆ. ಹೆಂಗಸರ ಹೆಸರು ಅಜ್ಜಿಯ ಜೊತೆಗೇ ಹೋಗುತ್ತದೆ.

ಇನ್ನೊಂದು ಪ್ರಶ್ನೆ: ‘ಈ ಊರಿಗೆ ಯಾಕೆ ಬಂದ್ವಿ?’ ಹಳೇ ಮೈಸೂರಿನ ಕಡೆ ಇದಕ್ಕೆ ಸಿಗುವ ಉತ್ತರಗಳನ್ನು ಧಾತು ಈಶ್ವರ ಬರದ ಪಕ್ಕದಲ್ಲಿಟ್ಟು ನೋಡಬೇಕು. 1876ರಿಂದ 1878ರವರೆಗಿನ ಆ ಬರದಲ್ಲಿ ಊರೂರುಗಳೇ ಖಾಲಿಯಾದವು. 1871ರ ಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ಕ್ಕೆ 42 ಲಕ್ಷಕ್ಕಿಂತ ಕೆಳಗಿಳಿದಿತ್ತು. ಸತ್ತವರು ಅಷ್ಟು ಜನ ಎಂದರೆ ಬದುಕಲು ಊರು ಬಿಟ್ಟವರು ಎಷ್ಟಿರಬೇಕು? ಆದರೂ ‘ಹೊಟ್ಟೆಗಿಲ್ಲದೆ ಗುಳೆ ಬಂದ್ವಿ’ ಎನ್ನುವ ಮನೆತನ ನನಗೆ ಸಿಕ್ಕಿದ್ದು ಬಹಳ ಕಡಿಮೆ. ‘ನಮ್ಮ ಮುತ್ತಜ್ಜ ಪಾಳೇಗಾರನ ಜೊತೆ ಜಗಳ ಆಡಿ ಬಂದ’ ಎನ್ನುವವರು ಮಾತ್ರ ಊರಿಗೆ ನಾಲ್ಕು ಮನೆ.

ನಮ್ಮ ಹೆಳವರ ಪುಸ್ತಕದಲ್ಲಿ ಹದಿನೈದು ತಲೆಮಾರಿದೆ. ಅದನ್ನ ನಂಬಬಹುದಾ?

ಹದಿನೈದನ್ನೂ ಒಂದೇ ಸಮ ನಂಬಬೇಕಿಲ್ಲ. ಹೆಳವರು ಎತ್ತಿನ ಮೇಲೆ ಗಂಟೆ ಬಾರಿಸುತ್ತ ಬಂದು, ಅಂಗಳದಲ್ಲಿ ನಿಂತು, ಮನೆಯವರ ಹಿಂದಿನವರನ್ನೆಲ್ಲ ಹೆಸರು ಹಿಡಿದು ಹೊಗಳಿ, ಕಾಳು ಕಡಿ ಪಡೆದು, ಹೊಸದಾಗಿ ಹುಟ್ಟಿದವರ ಹೆಸರು ಬರೆದುಕೊಂಡು ಹೋಗುವವರು. ಬಂದಾಗಲೆಲ್ಲ ಬರೆದುಕೊಂಡದ್ದು ಗಟ್ಟಿ. ಹಾಗಾಗಿ ಹತ್ತಿರದ ತಲೆಮಾರುಗಳು ಹೆಚ್ಚಾಗಿ ಸರಿಯಿರುತ್ತವೆ. ಅಣ್ಣತಮ್ಮಂದಿರು ಪಾಲಾಗಿ ಬೇರೆ ಊರಿಗೆ ಹೋದದ್ದು, ದತ್ತು ಬಂದದ್ದು ಇಂಥವೂ ಅದರಲ್ಲಿ ಸಿಗುತ್ತವೆ. ಸರ್ಕಾರಿ ಕಾಗದದಲ್ಲಿ ಇವು ಸಿಗುವುದು ಕಷ್ಟ. ಮೇಲಕ್ಕೆ ಹೋದಂತೆ ಹೆಸರುಗಳು ಮನುಷ್ಯರದ್ದಾಗಿರದೆ ದೇವರದ್ದೋ ಅರಸರದ್ದೋ ಆಗತೊಡಗಿದರೆ, ಅಲ್ಲಿಂದ ಮುಂದಿನದು ಹೊಗಳಿಕೆಯ ಭಾಗ ಎಂದು ತಿಳಿಯಿರಿ. ಹೊಗಳುವುದೂ ಅವರ ವೃತ್ತಿಯೇ ತಾನೇ.

## ವಂಶ, ಗೋತ್ರ, ರಕ್ತ

ನಮ್ಮದು ಕಾಶ್ಯಪ ಗೋತ್ರ. ಹಾಗಾದ್ರೆ ನಾವು ಆ ಋಷಿಯ ರಕ್ತದವರೇನಾ?

ಗೋತ್ರದಿಂದ ರಕ್ತವನ್ನು ತೀರ್ಮಾನಿಸಲಾಗದು ಎಂಬುದಕ್ಕೆ ಸಾಕ್ಷಿ ನಮ್ಮ ನೆಲದ್ದೇ ಇದೆ. ಆರನೇ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿ, ಎಂದರೆ ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣದಲ್ಲಿ ಕೂತು ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರಾ ಎಂಬ ಟೀಕೆ ಬರೆದ ವಿಜ್ಞಾನೇಶ್ವರ, ಕ್ಷತ್ರಿಯ ವೈಶ್ಯರಿಗೆ ತಮ್ಮದೇ ಗೋತ್ರವಿಲ್ಲ, ಪುರೋಹಿತರ ಗೋತ್ರವನ್ನೇ ಇಟ್ಟುಕೊಳ್ಳಬೇಕು ಎನ್ನುತ್ತಾನೆ. ಧರ್ಮಶಾಸ್ತ್ರದವನೇ ಹೇಳುವ ಮಾತಿದು: ಎಷ್ಟೋ ಜನರ ಗೋತ್ರ ಎರವಲು ತಂದದ್ದು. ದೇವಸ್ಥಾನದಲ್ಲಿ ಅರ್ಚನೆಗೆ ನಿಂತಾಗ ‘ಗೋತ್ರ ಗೊತ್ತಿಲ್ಲ’ ಎಂದವರಿಗೆ ಅರ್ಚಕರು ಕಾಶ್ಯಪವನ್ನೇ ಹಚ್ಚುವುದನ್ನು ನೀವೂ ನೋಡಿರಬಹುದು. ಆ ಮನೆಯ ಮಕ್ಕಳು ಮುಂದೆ ಅದನ್ನೇ ಮದುವೆಯ ಕರೆಯೋಲೆಯಲ್ಲಿ ಅಚ್ಚು ಹಾಕಿಸುತ್ತಾರೆ.

ಇದಕ್ಕೆ ಹೋಲಿಸಿದರೆ ಬೆಡಗು, ಬಳಿಗಳ ಲೆಕ್ಕ ಎಷ್ಟೋ ಪ್ರಾಮಾಣಿಕ. ಕುರುಬರಲ್ಲಿ ಆನೆ, ಅರಿಶಿನ, ಜೀರಿಗೆ ಎಂದೆಲ್ಲ ಬೆಡಗುಗಳಿವೆ. ಜೀರಿಗೆಯಿಂದ ಹುಟ್ಟಿದೆವು ಎಂದು ಯಾರೂ ವಾದ ಮಾಡುವುದಿಲ್ಲ. ಯಾರನ್ನು ಮದುವೆಯಾಗಬಾರದು ಎಂದು ತಿಳಿಯಲು ಇಟ್ಟುಕೊಂಡ ಗುರುತು ಅದು, ಅಷ್ಟೇ ಕೆಲಸ ಮಾಡುತ್ತದೆ. ತುಳುನಾಡಿನಲ್ಲಿ ಅಳಿಯಸಂತಾನದ ಮನೆಗಳಲ್ಲಿ ಬಳಿ ಬರುವುದು ತಾಯಿಯಿಂದ. ಅಪ್ಪನದು ಬೇರೆ, ಮಗನದು ಬೇರೆ. ‘ವಂಶ ಅಂದ್ರೆ ಗಂಡಿನಿಂದ ಗಂಡಿಗೆ’ ಎಂಬುದು ಸೃಷ್ಟಿಯ ನಿಯಮ ಎಂದುಕೊಂಡವರು ಒಮ್ಮೆ ಉಡುಪಿಯ ಕಡೆಯ ಗುತ್ತಿನ ಮನೆಯೊಂದರಲ್ಲಿ ಕೂತು ಮಾತಾಡಿಸಬೇಕು.

ನಾವು ಮೂಲತಃ ರಾಜವಂಶದವರು ಅಂತ ನಮ್ಮ ಸಮಾಜದ ಪುಸ್ತಕದಲ್ಲಿದೆ. ನಿಜಾನಾ?

ಪುಸ್ತಕ ಅಚ್ಚಾದ ವರ್ಷವನ್ನು ಮೊದಲು ನೋಡಿ. 1901ರ ಗಣತಿಯ ಮುಖ್ಯಸ್ಥ ರಿಸ್ಲೆ, ಜಾತಿಗಳನ್ನು ಸಾಮಾಜಿಕ ಮೇಲುಕೀಳಿನ ಕ್ರಮದಲ್ಲಿ ಜೋಡಿಸಲು ಹೊರಟ. ಪಟ್ಟಿಯಲ್ಲಿ ತಮ್ಮನ್ನು ಮೇಲೆ ಹಾಕಿ ಎಂದು ದೇಶದ ಉದ್ದಗಲಕ್ಕೂ ಮನವಿಗಳು ಹೋದವು. ಮನವಿಗೆ ಆಧಾರ ಬೇಕಲ್ಲ? ಆಧಾರ ಹುಟ್ಟಿತು. ಪುರಾಣದ ರಾಜರು, ಅಗ್ನಿಕುಂಡಗಳು, ಪರಶುರಾಮನಿಗೆ ಹೆದರಿ ವೇಷ ಮರೆಸಿಕೊಂಡ ಕ್ಷತ್ರಿಯರು ಅಚ್ಚಿನ ಮನೆಗೆ ಬಂದರು. ನಮ್ಮಲ್ಲೂ ಜಾತಿ ಸಂಘಗಳು ಎದ್ದು ನಿಂತದ್ದು ಆ ದಶಕದಲ್ಲೇ: ವೀರಶೈವ ಮಹಾಸಭೆ 1904ರಲ್ಲಿ, ಒಕ್ಕಲಿಗರ ಸಂಘ 1906ರಲ್ಲಿ. ಆ ಸಂಘಗಳು ಕಟ್ಟಿದ ಹಾಸ್ಟೆಲ್ಲುಗಳಲ್ಲಿ ಉಂಡು ಓದಿದವರ ಮೊಮ್ಮಕ್ಕಳು ನಾವು. ಅವುಗಳ ಬಗ್ಗೆ ಹಗುರವಾಗಿ ಮಾತಾಡುವುದಿಲ್ಲ.

ಆಮೇಲೆ ಗಾಳಿ ತಿರುಗಿತು. 1918ರಲ್ಲಿ ನಾಲ್ವಡಿಯವರ ಸರ್ಕಾರ ಮಿಲ್ಲರ್ ಸಮಿತಿ ನೇಮಿಸಿತು. ಸರ್ಕಾರಿ ಕೆಲಸಗಳಲ್ಲಿ ಬ್ರಾಹ್ಮಣೇತರರಿಗೆ ಪಾಲು ಎಂಬ ಮಾತು ಬಂತು. ಮುಂದೆ ಹಿಂದುಳಿದವರು ಯಾರೆಂದು ಗುರುತಿಸಲು ನಾಗನಗೌಡ ಸಮಿತಿ, ಹಾವನೂರು ಆಯೋಗ, ವೆಂಕಟಸ್ವಾಮಿ ಆಯೋಗ, ಚಿನ್ನಪ್ಪರೆಡ್ಡಿ ಆಯೋಗ. ಈಗ ಮನವಿಗಳು ಹಿಂದುಳಿದಿದ್ದೇವೆ ಎಂದು ತೋರಿಸಬೇಕಿತ್ತು. ಅಜ್ಜ ಕ್ಷತ್ರಿಯನೆಂದು ಅರ್ಜಿ ಕೊಟ್ಟ ಮನೆಯಲ್ಲಿ ಮೊಮ್ಮಗ ಹಿಂದುಳಿದವನೆಂದು ಅರ್ಜಿ ಕೊಟ್ಟ. ಇಬ್ಬರೂ ಸುಳ್ಳುಗಾರರಲ್ಲ. ಎದುರಿಗಿದ್ದ ಫಾರಂ ಬೇರೆ ಬೇರೆ.

ನನ್ನ ವಾದವೆಲ್ಲ ಇಷ್ಟೇ: ‘ನಾವು ಇಂಥವರು’ ಎಂಬ ಪ್ರತಿಯೊಂದು ಮಾತನ್ನೂ ಯಾರೋ ಒಬ್ಬರು, ಯಾವುದೋ ಒಂದು ಹೊತ್ತಿನಲ್ಲಿ, ಯಾರದೋ ಮುಂದೆ ಏನನ್ನೋ ಪಡೆಯಲು ಹೇಳಿರುತ್ತಾರೆ. ಆ ನಾಲ್ಕನ್ನೂ ಹುಡುಕಿ.

ಆದ್ರೆ ನಮ್ಮ ವಲಸೆಯ ಕತೆ ಅಷ್ಟು ವಿವರವಾಗಿದೆ, ಅದೂ ಕಟ್ಟುಕತೇನಾ?

ಕತೆ ಹೀಗಿದೆಯೇ ನೋಡಿ: ಒಬ್ಬ ಪರ ಅರಸ ಮನೆಯ ಹುಡುಗಿಯನ್ನು ಕೇಳಿದ. ಕೊಡಲು ಮನಸ್ಸಿಲ್ಲದೆ ರಾತ್ರೋರಾತ್ರಿ ಗಾಡಿ ಕಟ್ಟಿ ಹೊರಟರು. ಎದುರಿಗೆ ತುಂಬಿದ ಹೊಳೆ. ದೇವರನ್ನು ನೆನೆದರು, ಹೊಳೆ ದಾರಿ ಬಿಟ್ಟಿತು. ಹಿಂದೆ ಬಂದ ಸೈನ್ಯ ಆಚೆ ದಡದಲ್ಲೇ ಉಳಿಯಿತು.

ಆವತಿ ನಾಡಪ್ರಭುಗಳ ಮೂಲಕತೆ ಇದೇ ಜಾಡಿನದು. ಕಂಚಿಯ ಕಡೆಯಿಂದ ಪಾಲಾರ್ ಹೊಳೆ ದಾಟಿ ಬಂದ ಅಣ್ಣತಮ್ಮಂದಿರು ದೇವನಹಳ್ಳಿಯ ಹತ್ತಿರ ನೆಲೆಸಿದರು ಎಂದು. ಅದನ್ನು ಹೊಳೆಯ ಹೆಸರು, ಹುಡುಗಿಯ ಹೆಸರು ಬದಲಿಸಿ ತೆಲುಗು, ತಮಿಳು, ಕನ್ನಡ ಮೂರೂ ನಾಡುಗಳ ಹಲವು ಸಮುದಾಯಗಳು ಹೇಳಿಕೊಳ್ಳುತ್ತವೆ. ಇಷ್ಟೊಂದು ಮನೆತನಗಳಿಗೆ ಒಂದೇ ಅನುಭವವಾಗಲು ಸಾಧ್ಯವಿಲ್ಲ. ಹಾಗೆಂದು ವಲಸೆ ಆಗಲೇ ಇಲ್ಲ ಎನ್ನಬೇಡಿ. ಮನೆದೇವರ ಗುಡಿ ನೂರು ಮೈಲಿ ಆಚೆ ಇದ್ದರೆ, ಮನೆಯಲ್ಲಿ ಆಡುವ ಮಾತು ಊರಿನ ಮಾತಿಗಿಂತ ಬೇರೆಯಾಗಿದ್ದರೆ, ಎಲ್ಲಿಂದಲೋ ಬಂದಿದ್ದೀರಿ ಎಂಬುದು ನಿಜ. ಯಾಕೆ ಬಂದಿರಿ ಎಂಬುದಕ್ಕೆ ಮಾತ್ರ ಕತೆ ಬಾಡಿಗೆಯದು.

ಊರಿನ ಹಳೆಯ ಹೆಸರುಗಳು ಬೇಕಾದರೆ ಶಾಸನ ನೋಡಿ. ಬಿ.ಎಲ್. ರೈಸ್ 1886ರಲ್ಲಿ ಶುರುಮಾಡಿದ ಎಪಿಗ್ರಾಫಿಯಾ ಕರ್ನಾಟಿಕದ ಸಂಪುಟಗಳಲ್ಲಿ ತಾಲ್ಲೂಕು ಹಿಡಿದು ಹುಡುಕಬಹುದು. ದನ ಕಾಯಲು ಹೋಗಿ ಸತ್ತವನ ವೀರಗಲ್ಲು ನಿಮ್ಮೂರ ಕೆರೆ ಏರಿಯ ಮೇಲೇ ಇದ್ದೀತು. ಅವನು ನಿಮ್ಮ ವಂಶದವನೇ ಎಂದು ಮಾತ್ರ ಹಟ ಹಿಡಿಯಬೇಡಿ.

ಡಿಎನ್‌ಎ ಟೆಸ್ಟ್ ಮಾಡಿಸಿದ್ರೆ ನಾನ್ಯಾರು ಅಂತ ಗೊತ್ತಾಗುತ್ತಾ?

ಕೆಲವು ಗೊತ್ತಾಗುತ್ತವೆ, ನೀವು ಕೇಳುತ್ತಿರುವುದು ಗೊತ್ತಾಗುವುದಿಲ್ಲ. ಹತ್ತು ತಲೆಮಾರು ಹಿಂದೆ ಹೋದರೆ ಲೆಕ್ಕದ ಪ್ರಕಾರ 1,024 ಜನ ನಿಮ್ಮ ಹಿರಿಯರು. ಅಪ್ಪನಿಂದ ಮಗನಿಗಷ್ಟೇ ಬರುವ ವೈ ಕ್ರೋಮೋಸೋಮಿನ ಪರೀಕ್ಷೆ ಅವರಲ್ಲಿ ಒಬ್ಬನ ಸುಳಿವು ಕೊಡುತ್ತದೆ. ಶೇಕಡಾವಾರು ತೋರಿಸುವ ಬಣ್ಣದ ಚಿತ್ರ, ಆ ಕಂಪನಿಯ ಬಳಿ ಯಾರ ಯಾರ ಮಾದರಿಗಳಿವೆ ಎಂಬುದರ ಮೇಲೆ ನಿಂತಿದೆ. ಮಾದರಿಗಳು ಹೆಚ್ಚಿದಂತೆ ನಿಮ್ಮ ‘ಮೂಲ’ವೂ ಬದಲಾಗುತ್ತದೆ.

ದೊಡ್ಡ ಚಿತ್ರದ ಬಗ್ಗೆ ವಿಜ್ಞಾನಿಗಳು ಹೇಳುವುದು ಸ್ವಾರಸ್ಯವಾಗಿದೆ. ಹೈದರಾಬಾದಿನ ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಸಿಸಿಎಂಬಿಯವರೂ ಸೇರಿ 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಸುಮಾರು 4,200ರಿಂದ 1,900 ವರ್ಷಗಳ ಹಿಂದಿನ ಅವಧಿಯಲ್ಲಿ ಈ ನೆಲದ ಜನ ಚೆನ್ನಾಗಿ ಬೆರೆತಿದ್ದರು. ಆಮೇಲೆ ಒಳಮದುವೆಯ, ಎಂದರೆ ತಮ್ಮ ತಮ್ಮ ಗುಂಪಿನೊಳಗೇ ಮದುವೆಯಾಗುವ ಬೇಲಿ ಬಿತ್ತು. ‘ನಮ್ಮದು ಶುದ್ಧ ರಕ್ತ’ ಎನ್ನುವವರಿಗೂ, ‘ಜಾತಿ ಬ್ರಿಟಿಷರು ಮಾಡಿದ್ದು’ ಎನ್ನುವವರಿಗೂ ಇದರಿಂದ ಕಷ್ಟ.

ಉಪಯೋಗ ಬೇಕಾದರೆ ವೈದ್ಯಕೀಯದ ಕಡೆ ನೋಡಿ. ಆರ್ಯವೈಶ್ಯರಲ್ಲಿ ಬ್ಯುಟಿರಿಲ್‌ಕೋಲಿನೆಸ್ಟರೇಸ್ ಎಂಬ ಕಿಣ್ವದ ಕೊರತೆ ಉಳಿದವರಿಗಿಂತ ಹೆಚ್ಚು; ಶಸ್ತ್ರಚಿಕಿತ್ಸೆಯಲ್ಲಿ ಸ್ನಾಯು ಸಡಿಲಿಸಲು ಕೊಡುವ ಸಕ್ಸಿನೈಲ್‌ಕೋಲಿನ್ ಅಂಥವರ ದೇಹದಲ್ಲಿ ಬೇಗ ಇಳಿಯುವುದಿಲ್ಲ. ಅರಿವಳಿಕೆ ವೈದ್ಯರಿಗೆ ಇದನ್ನು ಮೊದಲೇ ಹೇಳುವುದು ಒಳ್ಳೆಯದು. ಶತಮಾನಗಳ ಒಳಮದುವೆಯ ಫಲ ಹೀಗೆ ಆಸ್ಪತ್ರೆಯಲ್ಲಿ ಕಾಣುತ್ತದೆ.

## ‘ನಿನ್ನ ಹಣೇಲಿ ಬರೆದಿದ್ದೇ ಅಷ್ಟು’

‘ನಮ್ಮ ಜನಕ್ಕೆ ಓದು ಹತ್ತಲ್ಲ’ ಅಂತ ಚಿಕ್ಕಂದಿನಿಂದ ಕೇಳಿದೀನಿ. ತಪ್ಪು ಅಂತ ಗೊತ್ತು, ಆದ್ರೂ ಪರೀಕ್ಷೆ ಹಾಲ್‌ನಲ್ಲಿ ಕೈ ನಡುಗುತ್ತೆ.

ಎಲ್ಲ ಪ್ರಶ್ನೆಗಳಲ್ಲಿ ನನಗೆ ಮುಖ್ಯ ಅನಿಸುವುದು ಇದು.

ಉತ್ತರ ಪ್ರದೇಶದ ಹಳ್ಳಿಗಳಲ್ಲಿ ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು 2000ದ ದಶಕದಲ್ಲಿ ಒಂದು ಪ್ರಯೋಗ ಮಾಡಿದರು. ಆರು, ಏಳನೇ ತರಗತಿಯ ಹುಡುಗರಿಗೆ ಕಾಗದದ ಮೇಲಿನ ಚಕ್ರವ್ಯೂಹದಲ್ಲಿ ದಾರಿ ಹುಡುಕುವ ಒಗಟು ಕೊಟ್ಟು, ಬಿಡಿಸಿದಷ್ಟಕ್ಕೆ ದುಡ್ಡು ಕೊಡುತ್ತೇವೆ ಎಂದರು. ಯಾರ ಜಾತಿಯನ್ನೂ ಹೇಳದಿದ್ದಾಗ ದಲಿತ ಹುಡುಗರೂ ಮೇಲ್ಜಾತಿಯ ಹುಡುಗರೂ ಹೆಚ್ಚುಕಡಿಮೆ ಒಂದೇ ಸಮ ಬಿಡಿಸಿದರು. ಎಲ್ಲರೆದುರು ಒಬ್ಬೊಬ್ಬನ ಹೆಸರು, ಅಪ್ಪನ ಹೆಸರು, ಜಾತಿ ಓದಿ ಹೇಳಿ ಆಮೇಲೆ ಒಗಟು ಕೊಟ್ಟಾಗ ದಲಿತ ಹುಡುಗರು ಬಿಡಿಸಿದ್ದು ಎದ್ದು ಕಾಣುವಷ್ಟು ಇಳಿಯಿತು. ತಲೆ ಅದೇ, ಕೈ ಅದೇ, ಒಗಟೂ ಅದೇ.

ಆದ್ದರಿಂದ ಕೈ ನಡುಗಿದರೆ ಅದು ನಿಮ್ಮ ದೌರ್ಬಲ್ಯ ಎಂದುಕೊಳ್ಳಬೇಡಿ. ಆ ಮಾತು ಮನೆಯಲ್ಲಿ ಹುಟ್ಟಿದ್ದೂ ಅಲ್ಲ. ಶಾಲೆಯ ಹೊರಗೆ ಕೂರಿಸಿದವರು ಹೇಳಿದ್ದನ್ನು ನಿಮ್ಮ ಅಜ್ಜ ತನ್ನ ಮಾತೆಂದು ನಂಬಿ, ಮಗ ಸೋತು ಅಳಬಾರದು ಎಂದು ಮೊದಲೇ ಹೇಳಿ ಇಟ್ಟಿರಬಹುದು. ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ದಲಿತ ಮಕ್ಕಳಿಗೆ ಶಾಲೆ ತೆರೆದರು. ಅದಕ್ಕೆ ಸ್ವಂತ ಜಾತಿಯವರಿಂದಲೇ ಬಹಿಷ್ಕಾರ ಅನುಭವಿಸಿದರು. ಓದು ಹತ್ತದ ಮಕ್ಕಳಿಗಾಗಿದ್ದರೆ ಶಾಲೆಗೆ ಅಷ್ಟು ವಿರೋಧ ಯಾಕೆ ಬರಬೇಕಿತ್ತು?

ಮಾತು ತಲೆಯಿಂದ ಹೋಗಲು ತಡವಾಗುತ್ತದೆ. ನಿಮಗಿಂತ ಮುಂಚೆ ಅದೇ ಊರಿನಿಂದ, ಅದೇ ಕೇರಿಯಿಂದ ಓದಿ ಹೋದವರು ಯಾರಾದರೂ ಇದ್ದರೆ ಅವರ ಜೊತೆ ಒಂದು ಸಂಜೆ ಕೂತು ಮಾತಾಡಿ. ಉಪದೇಶ ಕೇಳಬೇಡಿ. ಅವರಿಗೆ ಯಾವ ವಿಷಯ ಕಷ್ಟವಾಗಿತ್ತು, ಎಷ್ಟು ಸಲ ಫೇಲಾದರು, ಫೀಸು ಎಲ್ಲಿಂದ ತಂದರು ಎಂದು ಕೇಳಿ.

ನಂದು ಮೂಲಾ ನಕ್ಷತ್ರ. ‘ಮಾವನಿಗೆ ಆಗಲ್ಲ’ ಅಂತ ಸಂಬಂಧಗಳು ತಪ್ತಾ ಇವೆ. ಇದನ್ನ ನಾನೇ ನಂಬೋಕೆ ಶುರು ಮಾಡಿದೀನಿ.

ನಕ್ಷತ್ರಗಳು 27. ಸುಮಾರಾಗಿ ಇಪ್ಪತ್ತೇಳು ಹೆಣ್ಣುಮಕ್ಕಳಲ್ಲಿ ಒಬ್ಬಳು ಮೂಲಾ. 2011ರ ಗಣತಿಯಲ್ಲಿ ಕರ್ನಾಟಕದಲ್ಲಿ ಮೂರು ಕೋಟಿ ಹೆಂಗಸರಿದ್ದರು; ಎಂದರೆ ಹತ್ತಿರ ಹತ್ತಿರ 11 ಲಕ್ಷ ಮೂಲಾ ನಕ್ಷತ್ರದವರು. ಇವರ ಮಾವಂದಿರೆಲ್ಲ ಬೇಗ ಹೋಗುವುದಾಗಿದ್ದರೆ ಜೀವವಿಮೆಯವರು ಸೊಸೆಯ ಜಾತಕ ಕೇಳುತ್ತಿದ್ದರು.

ಖಗೋಳ ವಿಜ್ಞಾನಿ ಜಯಂತ್ ನಾರ್ಳೀಕರ್ ಮಹಾರಾಷ್ಟ್ರದಲ್ಲಿ ಒಂದು ಪರೀಕ್ಷೆ ಮಾಡಿದ್ದರು. ಪ್ರತಿಭಾವಂತ ಮಕ್ಕಳದೂ ಬುದ್ಧಿಮಾಂದ್ಯ ಮಕ್ಕಳದೂ ಜಾತಕಗಳನ್ನು ಬೆರೆಸಿ, 27 ಜ್ಯೋತಿಷಿಗಳಿಗೆ ತಲಾ 40 ಕೊಟ್ಟು ಯಾವುದು ಯಾರದೆಂದು ಹೇಳಿ ಎಂದರು. ಸರಾಸರಿ ನೂರಕ್ಕೆ 46 ಸರಿ. ನಾಣ್ಯ ಚಿಮ್ಮಿದ್ದರೆ 50 ಬರುತ್ತಿತ್ತು.

ಇಷ್ಟು ಹೇಳಿದ ಮಾತ್ರಕ್ಕೆ ನಿಮ್ಮ ಮನೆಯವರ ಭಯ ಹೋಗುವುದಿಲ್ಲ ಎಂದು ಬಲ್ಲೆ. ಜಾತಕವೇ ಬೇಡ ಎನ್ನುವ ಮನೆಗಳು ಈಗ ಸಾಕಷ್ಟಿವೆ, ಅಲ್ಲಿ ಕೇಳಿಸಿ. ನಕ್ಷತ್ರವನ್ನು ಸುಳ್ಳು ಹೇಳಿಸಿ ಮದುವೆ ಮಾಡುವ ಉಪಾಯ ಯಾರಾದರೂ ಹೇಳಿದರೆ ಮಾತ್ರ ಒಪ್ಪಬೇಡಿ. ಮುಂದೆ ಆ ಮನೆಯಲ್ಲಿ ಯಾರಿಗೆ ಜ್ವರ ಬಂದರೂ ನಿಮ್ಮ ಎದೆಯೇ ಹೊಡೆದುಕೊಳ್ಳುತ್ತದೆ.

## ಜಾತಿ, ಕಾಗದ, ಧರ್ಮ

ನಂಗೆ ಜಾತಿ ಬೇಡ. ಫಾರಂನಲ್ಲಿ ಏನು ಬರೀಲಿ?

2019ರಲ್ಲಿ ತಮಿಳುನಾಡಿನ ತಿರುಪತ್ತೂರಿನ ವಕೀಲೆಯೊಬ್ಬರು ಬಹಳ ವರ್ಷ ಹೋರಾಡಿ ‘ಜಾತಿಯಿಲ್ಲ, ಧರ್ಮವಿಲ್ಲ’ ಎಂಬ ಪ್ರಮಾಣಪತ್ರ ಪಡೆದರು. ಮೀಸಲಾತಿ ಬೇಡವೆಂದಾದರೆ ನೀವೂ ಆ ದಾರಿಯಲ್ಲಿ ಪ್ರಯತ್ನಿಸಬಹುದು. 1954ರ ವಿಶೇಷ ವಿವಾಹ ಕಾಯ್ದೆಯಲ್ಲಿ ಮದುವೆಯಾಗಬಹುದು. 30 ದಿನದ ನೋಟಿಸು ಗೋಡೆಗೆ ಅಂಟಿಸುತ್ತಾರೆ, ಅದಕ್ಕೆ ಸಿದ್ಧರಿರಿ.

ಆದರೆ ನೀವು ಪರಿಶಿಷ್ಟ ಜಾತಿಯವರಾದರೆ ಹುಮ್ಮಸ್ಸಿನಲ್ಲಿ ಕಾಗದ ಹರಿಯಬೇಡಿ. ಆ ಪ್ರಮಾಣಪತ್ರ ನೀವು ಕೀಳೆಂದು ಹೇಳುತ್ತಿಲ್ಲ, ನಿಮಗೆ ಆಗಿರುವ ಅನ್ಯಾಯವನ್ನು ಸರ್ಕಾರ ಒಪ್ಪಿಕೊಂಡಿದೆ ಎಂದು ಹೇಳುತ್ತಿದೆ. ನನ್ನ ಅನುಭವದಲ್ಲಿ ‘ನಾನು ಜಾತಿ ಬಿಟ್ಟೆ’ ಎಂದು ಸಲೀಸಾಗಿ ಹೇಳುವವರು ಬಾಡಿಗೆ ಮನೆ ಹುಡುಕುವಾಗ ‘ನೀವು ಯಾವ ಪೈಕಿ?’ ಎಂಬ ಪ್ರಶ್ನೆಗೆ ಉತ್ತರಿಸಿ ವಾಪಸು ಬಂದವರಲ್ಲ.

ಅಪ್ಪ ಅಮ್ಮ ಬೇರೆ ಬೇರೆ ಜಾತಿಯವರಾಗಿದ್ದರೆ? ಅಪ್ಪನದೇ ಮಗುವಿಗೆ ಎಂದು ಕಣ್ಣುಮುಚ್ಚಿ ತೀರ್ಮಾನಿಸುವಂತಿಲ್ಲ, ಮಗು ಯಾರ ನಡುವೆ ಹೇಗೆ ಬೆಳೆಯಿತು ಎಂಬುದನ್ನು ನೋಡಬೇಕು ಎಂದು ಸುಪ್ರೀಂ ಕೋರ್ಟ್ 2012ರಲ್ಲಿ ಹೇಳಿದೆ.

ಧರ್ಮ ಬದಲಾಯಿಸಿದ್ರೆ ಪೂರ್ವಜರನ್ನ ಬಿಟ್ಟ ಹಾಗಲ್ವಾ?

ಪಂಪನ ಮನೆಯನ್ನೇ ನೋಡಿ. ಅವನ ಹಿರಿಯ ಮಾಧವ ಸೋಮಯಾಜಿ ಯಜ್ಞ ಮಾಡಿದವನು, ವತ್ಸಗೋತ್ರದ ಬ್ರಾಹ್ಮಣ. ಪಂಪನ ತಂದೆ ಜೈನನಾದ. ಹಾಗಾದ ಮೇಲೂ ಪಂಪ ತನ್ನ ಕಾವ್ಯದಲ್ಲಿ ಸೋಮಯಾಜಿಯಿಂದಲೇ ವಂಶ ಹೇಳುತ್ತಾನೆ. ಅವನ ತಮ್ಮ ಜಿನವಲ್ಲಭ ಈಗಿನ ತೆಲಂಗಾಣದ ಕುರಿಕ್ಯಾಲದ ಬಂಡೆಯ ಮೇಲೆ ಕನ್ನಡ, ಸಂಸ್ಕೃತ, ತೆಲುಗು ಮೂರರಲ್ಲೂ ಮನೆತನದ ಮಾತು ಕೊರೆಯಿಸಿದ. ಯಾರನ್ನೂ ಬಿಟ್ಟಿಲ್ಲ.

ಇನ್ನೊಂದು ಸೂಕ್ಷ್ಮವನ್ನೂ ಗಮನಿಸಿ. ತಂದೆಯ ನಿರ್ಧಾರಕ್ಕೆ ಪಂಪ ಕೊಡುವ ಕಾರಣ: ಜಾತಿಗಳಲ್ಲಿ ಉತ್ತಮ ವಿಪ್ರಕುಲ, ಧರ್ಮಗಳಲ್ಲಿ ಅದಕ್ಕೆ ತಕ್ಕದ್ದು ಜಿನಧರ್ಮ. ಹುಟ್ಟಿನಿಂದ ಬಂದ ಒಂದು ನಂಬಿಕೆಯನ್ನು ಬದಲಿಸುವಾಗ ಇನ್ನೊಂದನ್ನು ಹಾಗೇ ಕಂಕುಳಲ್ಲಿ ಇಟ್ಟುಕೊಂಡು ಹೋದರು. ಹತ್ತನೇ ಶತಮಾನದವರನ್ನು ಆಕ್ಷೇಪಿಸಲು ಹೇಳುತ್ತಿಲ್ಲ; ಇಂದು ಚರ್ಚಿಗೆ, ಬೌದ್ಧ ವಿಹಾರಕ್ಕೆ, ನಾಸ್ತಿಕರ ಸಭೆಗೆ ಹೋದವರೂ ಸಂಬಂಧ ಹುಡುಕುವಾಗ ಏನು ಕೇಳುತ್ತಾರೆಂದು ನೋಡಿದ್ದೇನೆ.

ಅಮೆರಿಕದಲ್ಲಿ ಹುಟ್ಟಿದ ಮಗಳು ‘ನಾವು ಯಾವ ಕಾಸ್ಟ್?’ ಅಂತ ಕೇಳ್ತಾಳೆ. ಹೇಳದೇ ಇರೋದೇ ವಾಸಿ ಅಲ್ವಾ?

ಹೇಳಿ. 2023ರ ಫೆಬ್ರವರಿಯಲ್ಲಿ ಸಿಯಾಟಲ್ ನಗರ ಜಾತಿ ತಾರತಮ್ಯವನ್ನು ನಿಷೇಧಿಸಿತು. ಅದೇ ವರ್ಷ ಕ್ಯಾಲಿಫೋರ್ನಿಯಾದ ಮಸೂದೆಗೆ ಗವರ್ನರ್ ಸಹಿ ಹಾಕಲಿಲ್ಲ. ಅವಳಿಗೆ ಈ ಪ್ರಶ್ನೆ ಬಂದದ್ದು ಬಹುಶಃ ಶಾಲೆಯಲ್ಲಿ ಈ ಚರ್ಚೆ ಕೇಳಿಯೇ. ಹೆಸರು ಹೇಳಿ ಬಿಡಬೇಡಿ. ಅದರಿಂದ ನಿಮಗೆ ಏನು ಸಿಕ್ಕಿತು, ಯಾರಿಗೆ ಏನು ತಪ್ಪಿತು ಎಂಬುದನ್ನೂ ಹೇಳಿ. ಊರಿನ ಮನೆಯಲ್ಲಿ ಕೆಲಸದವರಿಗೆ ಹಿತ್ತಿಲಲ್ಲಿ ಬೇರೆ ಲೋಟ ಇತ್ತು ಎಂಬ ವಿಷಯವನ್ನು ಅವಳು ನಿಮ್ಮ ಬಾಯಿಂದ ಕೇಳಲಿ.

## ಇನ್ನೂ ಒಳಕ್ಕೆ

ಕೊನೆಗೆ ‘ನಾನು’ ಅನ್ನೋದೇ ಸುಳ್ಳು, ಆತ್ಮಕ್ಕೆ ಜಾತಿ ಇಲ್ಲ ಅಂತಾರಲ್ಲ. ಹಾಗಿದ್ರೆ ಇಷ್ಟೆಲ್ಲ ಯಾಕೆ ಹುಡುಕಬೇಕು?

‘ನಾನು ಯಾರು’ ಎಂಬ ವಿಚಾರವನ್ನು ತಿರುವಣ್ಣಾಮಲೆಯ ರಮಣರು ಬದುಕಿನ ದಾರಿಯಾಗಿಯೇ ಕಲಿಸಿದರು. ಬೌದ್ಧರು ಹುಡುಕಿದರೆ ‘ನಾನು’ ಎಂಬುದೇ ಸಿಗದು ಎಂದರು. ಅಲ್ಲಮ ಇನ್ನೂ ಮುಂದೆ ಹೋದ. ಇದೆಲ್ಲದರ ಎದುರು ತಲೆ ಬಾಗುತ್ತೇನೆ. ಆದರೆ ಈ ಮಾತು ಯಾವಾಗ ಬರುತ್ತದೆ ಎಂದು ಗಮನಿಸಿ. ಊರ ಹೋಟೆಲಿನ ಎರಡು ಲೋಟದ ವಿಷಯ ಎತ್ತಿದಾಗ ಬರುತ್ತದೆ. ಮಗಳು ಬೇರೆ ಜಾತಿಯ ಹುಡುಗನನ್ನು ಕರೆತಂದಾಗ ಬರುವುದಿಲ್ಲ. ಆತ್ಮದ ಪ್ರಶ್ನೆಯನ್ನು ಕೇಳಿಯೇ ಕೇಳಿ, ಪಹಣಿಯ ಪ್ರಶ್ನೆಯನ್ನು ತಪ್ಪಿಸಿಕೊಳ್ಳಲು ಮಾತ್ರ ಕೇಳಬೇಡಿ.

ಇದೆಲ್ಲ ಆದ್ಮೇಲೆ ಊರ ಹಬ್ಬಕ್ಕೆ, ಮನೆದೇವರಿಗೆ ಹೋಗೋದು ಬೂಟಾಟಿಕೆ ಅಲ್ವಾ?

ಹೋಗಿ ಬನ್ನಿ. ಅಲ್ಲಿ ನಿಮ್ಮ ಸೋದರತ್ತೆ ಇರುತ್ತಾರೆ. ದೇವರ ಕತೆಯನ್ನು ನಂಬದೆಯೂ ಪಂಕ್ತಿಯಲ್ಲಿ ಕೂತು ಉಣ್ಣಬಹುದು. ಆ ಪಂಕ್ತಿಯಲ್ಲಿ ಯಾರನ್ನಾದರೂ ಎಬ್ಬಿಸಿದರೆ ಮಾತ್ರ ನೀವೂ ಏಳಿ.

ನಾನು ಹುಡುಕಿದ್ದನ್ನೆಲ್ಲ ಮಕ್ಕಳಿಗೆ ಹೇಗೆ ಬರೆದಿಡಲಿ?

ಪ್ರತಿ ಸಂಗತಿಯ ಪಕ್ಕದಲ್ಲಿ ಯಾರು ಹೇಳಿದರು, ಯಾವಾಗ ಹೇಳಿದರು, ನಿಮಗೆ ಎಲ್ಲಿ ಅನುಮಾನ ಬಂತು ಎಂದು ಬರೆಯಿರಿ. ನೀವು ಒಪ್ಪದ ಕತೆಯನ್ನೂ ಅಳಿಸದೆ, ಒಪ್ಪಿಲ್ಲ ಎಂದು ಗುರುತು ಮಾಡಿ ಇಡಿ. ಹೊಳೆ ದಾಟಿದ ಕತೆ ಸುಳ್ಳಾದರೂ ಅದನ್ನು ನಾಲ್ಕು ತಲೆಮಾರು ಹೇಳಿತು ಎಂಬುದು ನಿಜ. ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಕೊಂಬೆಗಳನ್ನು ಮದುವೆಯ ಹತ್ತಿರ ಕತ್ತರಿಸಬೇಡಿ. ಜಾತಕಗಳನ್ನು ಎಸೆಯಬೇಡಿ. ಫಲಜ್ಯೋತಿಷ್ಯದ ಭಾಗ ಹಾಗಿರಲಿ, ಮೇಲಿನ ಸಾಲುಗಳಲ್ಲಿ ಹುಟ್ಟಿದ ಸಂವತ್ಸರ, ಮಾಸ, ತಿಥಿ ಇರುತ್ತವೆ. ಮನೆಯಲ್ಲಿ ಹೆತ್ತ ಕಾಲದ ಎಷ್ಟೋ ಅಜ್ಜಿಯರ ಹುಟ್ಟಿದ ದಿನಕ್ಕೆ ಉಳಿದಿರುವ ಕಾಗದ ಅದೊಂದೇ.